ಹಿಮಾಲಯದ ಹಾರಾಟವೂ ನಮ್ಮ ಹೊಣೆಯೂ

ಕೆಲವು ದಿನಗಳ ಹಿಂದೆ ಹೋಳೂರಿನ ಸ್ನೇಹಿತರೊಬ್ಬರ ಮನೆಯ ಜಗುಲಿಯ ಮೇಲೆ ನಾವು ಕುಳಿತಿದ್ದಾಗ, ಬೆಂಗಳೂರಿನ ಕಡೆಯಿಂದ ಹೆಲಿಕಾಪ್ಟರೊಂದು ಸದ್ದುಮಾಡುತ್ತ ಬಂದು ಊರ ಮೇಲೆ ಹಾದುಹೋಯಿತು. ಬೀದಿಯ ಮಕ್ಕಳು ಕೈಬೀಸಿ ಕೂಗಿದರು. ಪಕ್ಕದಲ್ಲಿ ಕುಳಿತಿದ್ದ ವೃದ್ಧ ರೈತರೊಬ್ಬರು, “ಏನು ಸ್ವಾಮಿ, ಇಷ್ಟು ಸಲೀಸಾಗಿ ಹಾರುವ ಯಂತ್ರ ಹಿಮದ ಬೆಟ್ಟದಲ್ಲಿ ಹಾರಲು ತಿಣುಕುತ್ತದೆಂದು ಪತ್ರಿಕೆಯವರು ಬರೆಯುತ್ತೀರಲ್ಲ, ಅಲ್ಲಿರುವುದೂ ಇದೇ ಆಕಾಶವಲ್ಲವೆ?” ಎಂದು ಕೇಳಿದರು. ಪ್ರಶ್ನೆ ಸರಳವಾದುದು, ಆದರೆ ಅದಕ್ಕೆ ಸರಿಯಾದ ಉತ್ತರ ಹೇಳಹೊರಟರೆ ದೇಶದ ಒಂದು ದೊಡ್ಡ ಹೊಣೆಗಾರಿಕೆಯ ವಿಚಾರವನ್ನೇ ಎತ್ತಬೇಕಾಗುತ್ತದೆ. ಆದುದರಿಂದ ಆ ಹಿರಿಯರಿಗೆ ಹೇಳಿದುದನ್ನು ವಾಚಕರ ಮುಂದೆಯೂ ಇಡುತ್ತೇವೆ.

ಆಕಾಶವೊಂದೇ ಆದರೂ ಗಾಳಿ ಒಂದೇ ಅಲ್ಲ. ನಮ್ಮ ಕೋಲಾರ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಎತ್ತರದಲ್ಲಿದೆ. ನಂದಿಬೆಟ್ಟದ ನೆತ್ತಿ ಸುಮಾರು 4,850 ಅಡಿ. ಸಿಯಾಚಿನ್ ಹಿಮನದಿಯ ಸೋನಮ್ ಠಾಣೆಯಾದರೋ 19,500 ಅಡಿಗಳಿಗೂ ಮೇಲ್ಪಟ್ಟುದು. 18,000 ಅಡಿಗೆ ಏರುವಷ್ಟರಲ್ಲಿಯೇ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದರ ಅರ್ಧಕ್ಕೆ ಇಳಿದಿರುತ್ತದೆ. ಹೆಲಿಕಾಪ್ಟರು ತಲೆಯ ಮೇಲೆ ತಿರುಗುವ ರೆಕ್ಕೆಗಳಿಂದ ಗಾಳಿಯನ್ನು ಕೆಳಕ್ಕೆ ನೂಕಿ ತಾನು ಮೇಲೇಳತಕ್ಕದ್ದು. ಅದರ ಎಂಜಿನು ಉರಿಯುವುದಕ್ಕೂ ಅದೇ ಗಾಳಿ ಬೇಕು. ಗಾಳಿ ತೆಳುವಾದಂತೆಲ್ಲ ರೆಕ್ಕೆಗೆ ಹಿಡಿತ ತಪ್ಪುತ್ತದೆ, ಎಂಜಿನಿಗೆ ಬಲ ಕುಗ್ಗುತ್ತದೆ. ತುಂಬಿದ ಕೆರೆಯಲ್ಲಿ ಲೀಲೆಯಿಂದ ಈಜುವವನನ್ನು ಮೊಳಕಾಲುದ್ದದ ನೀರಿಗಿಳಿಸಿ, ಬೆನ್ನ ಮೇಲೆ ಮೂಟೆಯನ್ನೂ ಹೊರಿಸಿ, ಈಜೆಂದರೆ ಅವನ ಪಾಡೇನಾದೀತು? ನಮ್ಮ ಸೀಮೆಯಲ್ಲಿ ಬತ್ತಿದ ಕೆರೆಯನ್ನು ಕಾಣದವರಿಲ್ಲ. ಈ ಉಪಮಾನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎತ್ತರಕ್ಕೆ ಏರುವುದೊಂದೇ ದೊಡ್ಡ ಕಷ್ಟವೆಂದು ತಿಳಿಯಬಾರದು. 1972ನೆಯ ಇಸವಿ ಜೂನ್ 21ರಂದು ಝಾನ್ ಬೂಲೆ ಎಂಬ ಫ್ರೆಂಚ್ ಚಾಲಕರು, ಬೇಡದ ಭಾರವನ್ನೆಲ್ಲ ಕಳಚಿದ ‘ಲಾಮಾ’ ಹೆಲಿಕಾಪ್ಟರಿನಲ್ಲಿ ಒಬ್ಬರೇ ಕುಳಿತು 12,442 ಮೀಟರು, ಎಂದರೆ 40,800 ಅಡಿಗೂ ಮಿಕ್ಕ ಎತ್ತರಕ್ಕೆ ಹೋದರು. ಅಲ್ಲಿ ಎಂಜಿನು ಆರಿಹೋಗಲಾಗಿ, ಬೀಳುವಿಕೆಯ ಗಾಳಿಗೇ ತಿರುಗುತ್ತಿದ್ದ ರೆಕ್ಕೆಗಳ ಆಧಾರದಿಂದ ಕ್ಷೇಮವಾಗಿ ನೆಲ ಮುಟ್ಟಿದರು. ಅದು ಅದ್ಭುತವಾದ ಸಾಹಸ. ಆದರೆ ಹಿಮಠಾಣೆಯ ಚಾಲಕನ ಕಷ್ಟ ಬೇರೆ ಬಗೆಯದು. ಅವನು ಹೊರೆ ಹೊತ್ತು ಹೋಗಬೇಕು, ಕೋಣೆಯಷ್ಟಗಲದ ಜಾಗದ ಮೇಲೆ ಗಾಳಿಯಲ್ಲಿ ನಿಲ್ಲಬೇಕು, ರೋಗಿಯನ್ನು ಹೇರಿಕೊಂಡು ಮತ್ತೆ ಏಳಬೇಕು. ಮುಂದಕ್ಕೆ ಓಡುವಾಗ ರೆಕ್ಕೆಗಳಿಗೆ ಹೊಸ ಗಾಳಿ ದೊರೆಯುವುದರಿಂದ ಬಲದ ವೆಚ್ಚ ಕಡಿಮೆ. ನಿಂತಲ್ಲಿ ನಿಲ್ಲುವುದಕ್ಕೇ ಹೆಚ್ಚು ಬಲ ಬೇಕು. ಸಮನೆಲದ ಸಮೀಪದಲ್ಲಿ ರೆಕ್ಕೆಯ ಗಾಳಿ ಮೆತ್ತೆಯಂತೆ ಸ್ವಲ್ಪ ಆಸರೆ ಕೊಡುತ್ತದೆ. ಚೂಪಾದ ಶಿಖರದ ಅಂಚಿನಲ್ಲಿ ಆ ಆಸರೆಯೂ ಇಲ್ಲ.

ಇಂಥಲ್ಲಿ ಭಾರದ ಲೆಕ್ಕವೇ ಪ್ರಾಣದ ಲೆಕ್ಕ. ಇಂಧನವನ್ನು ಹೋಗಿಬರಲು ಬೇಕಾದಷ್ಟಕ್ಕೆ, ಸ್ವಲ್ಪ ಮೀಸಲು ಸೇರಿಸಿ, ಅಳೆದು ತುಂಬುತ್ತಾರೆ. ಅತಿ ಎತ್ತರದ ಠಾಣೆಗಳಿಗೆ ಒಂದು ಸಲಕ್ಕೆ ಒಯ್ಯಲಾಗುವುದು ಒಂದೆರಡು ಡಬ್ಬಿ ಸೀಮೆಎಣ್ಣೆಯಷ್ಟು ಹೊರೆಯನ್ನು ಮಾತ್ರ. ಬಿಸಿಲೇರಿದರೆ ಗಾಳಿ ಇನ್ನೂ ತೆಳುವಾಗಿ, ಕಣಿವೆಗಳಲ್ಲಿ ಸುಳಿಗಾಳಿ ಏಳುವುದರಿಂದ, ಸಾಧ್ಯವಾದಷ್ಟೂ ಬೆಳಗಿನ ಚಳಿಯಲ್ಲಿಯೇ ಹಾರಾಟ ಮುಗಿಯಬೇಕು. ರೆಕ್ಕೆಯ ಬೀಸಿಗೆ ಎದ್ದ ಹಿಮದ ಪುಡಿಯಲ್ಲಿ ನೆಲ ಯಾವುದು, ಬಾನು ಯಾವುದು ಎಂಬುದೇ ತೋರದಿರುವ ಸಂದರ್ಭಗಳುಂಟು. ಎಂಜಿನು ನಿಲ್ಲಿಸಿದರೆ ಅಲ್ಲಿ ಮತ್ತೆ ಹೊತ್ತಿಕೊಳ್ಳುವ ಭರವಸೆಯಿಲ್ಲ. ಆದುದರಿಂದ ರೆಕ್ಕೆ ತಿರುಗುತ್ತಿರುವಾಗಲೇ ಸಾಮಾನಿಳಿಸಿ ಹಿಂದಿರುಗುತ್ತಾರೆ. ಒಂದಕ್ಕೆ ಅಪಾಯವಾದರೆ ಮತ್ತೊಂದಾದರೂ ಕಂಡು ತಿಳಿಸಲೆಂದು ಜೋಡಿಯಾಗಿ ಹೋಗುವ ವಾಡಿಕೆಯಿದೆ.

ಈ ಕೆಲಸದಲ್ಲಿ ನಮ್ಮ ನಾಡಿನ ಪಾಲು ಅಲ್ಪವಾದುದಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ನೆಟ್ಟ ವಿಮಾನದ ಕಾರ್ಖಾನೆಯೇ ಬೆಳೆದು ಇಂದಿನ ಹಿಂದುಸ್ಥಾನ್ ಏರೋನಾಟಿಕ್ಸ್ ಆಗಿದೆ. ಮೇಲೆ ಹೇಳಿದ ಲಾಮಾ ಯಂತ್ರವು ಭಾರತದ ಸೇನೆಯ ಬೇಡಿಕೆಗೆಂದೇ ಫ್ರಾನ್ಸಿನಲ್ಲಿ ರೂಪುಗೊಂಡುದು. 1969ರಲ್ಲಿ ಹಿಮಾಲಯದಲ್ಲಿ ಇಬ್ಬರು ಚಾಲಕರನ್ನು ಹೊತ್ತು 7,500 ಮೀಟರು ಎತ್ತರದಲ್ಲಿ ಇಳಿದು ಏರಿ ತೋರಿಸಿತು. 1970ರಲ್ಲಿ ಒಪ್ಪಂದವಾಗಿ, ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ಯಂತ್ರವು 1972ರಲ್ಲಿ ಹಾರಿತು. ಅದಕ್ಕೆ ನಮ್ಮವರು ಇಟ್ಟ ಹೆಸರು ‘ಚೀತಾ’. 1984ನೆಯ ಇಸವಿ ಏಪ್ರಿಲ್ 13ರಂದು ಕುಮಾವೂ ದಳದ ಯೋಧರನ್ನು ಸಿಯಾಚಿನ್ ಸೀಮೆಯ ಬಿಲಾಫೊಂಡ್ ಕಣಿವೆಯ ಬಳಿಗೆ ಮುಟ್ಟಿಸಿದುವು ಈ ಚೀತಾಗಳೇ. ಎರಡು ಯಂತ್ರಗಳು ಹದಿನೇಳು ಸಲ ಹೋಗಿಬಂದು ಒಂದು ತುಕಡಿಯನ್ನು ಸಾಗಿಸಬೇಕಾಯಿತೆಂದರೆ, ತೆಳುಗಾಳಿಯಲ್ಲಿ ಹೊರೆಯ ಮಿತಿ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಆ ಹಿಮದ ನೆನಪು ಕನ್ನಡಿಗರ ಮನೆಗಳಿಗೂ ಬಂದಿದೆ. 2016ರ ಫೆಬ್ರವರಿ 3ರಂದು ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ನಮ್ಮ ಹಾಸನ, ಮೈಸೂರು ಜಿಲ್ಲೆಗಳವರೂ ಇದ್ದರು. ಶೋಧದ ನಾಯಿಗಳನ್ನೂ ಹಿಮ ಕೊರೆಯುವ ಸಲಕರಣೆಗಳನ್ನೂ ಆಕಾಶಮಾರ್ಗದಿಂದಲೇ ಒಯ್ಯಬೇಕಾಯಿತು. ಆರನೆಯ ದಿನ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಹಿಮದಡಿಯಿಂದ ಜೀವಸಹಿತ ದೊರೆತರು. ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ ದೆಹಲಿಗೆ ಸಾಗಿಸಿದರು. ಫೆಬ್ರವರಿ 11ರಂದು ಅವರು ತೀರಿಕೊಂಡರು. ನಾಡು ಕಣ್ಣೀರಿಟ್ಟಿತು, ಬೆಟದೂರಿನಲ್ಲಿ ಜನಸಾಗರವೇ ನೆರೆಯಿತು. ಆದರೆ ಕಣ್ಣೀರಿನಿಂದ ಮುಗಿಯುವ ಹೊಣೆ ಇದಲ್ಲ.

ಚೀತಾ ಒಳ್ಳೆಯ ಯಂತ್ರವೇ ಹೌದು. ಆದರೆ ಒಳ್ಳೆಯ ಯಂತ್ರಕ್ಕೂ ಮುಪ್ಪುಂಟು. ಅದಕ್ಕಿರುವುದು ಒಂದೇ ಎಂಜಿನು. ಅದು ಕೈಕೊಟ್ಟರೆ ಮೆಲ್ಲನೆ ಇಳಿಯಲು ಬಯಲು ಬೇಕು, ಹಿಮಕಂದರಗಳಲ್ಲಿ ಬಯಲೆಲ್ಲಿಯದು? ಈ ಹಳೆಯ ಯಂತ್ರಗಳ ಹಾರಾಟವನ್ನು ನಿಲ್ಲಿಸಬೇಕೆಂದು 2014-15ರಷ್ಟು ಹಿಂದೆಯೇ ಸೇನಾಧಿಕಾರಿಗಳ ಪತ್ನಿಯರು ರಕ್ಷಣಾ ಮಂತ್ರಿಗಳಲ್ಲಿ ಮೊರೆಯಿಟ್ಟಿದ್ದರು. 2015ರಲ್ಲಿ ರಷ್ಯದೊಡನೆ ಕಾಮೊವ್ ಹೆಲಿಕಾಪ್ಟರುಗಳಿಗಾಗಿ ಆದ ಒಪ್ಪಂದವು ಕೈಗೂಡಲಿಲ್ಲ. ಬೆಂಗಳೂರಿನವರೇ ರಚಿಸಿದ ಲಘು ಹೆಲಿಕಾಪ್ಟರು 2016ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿತು. 2020ರಲ್ಲಿ ಲೇಹ್, ದೌಲತ್ ಬೇಗ್ ಓಲ್ಡಿ, ಸಿಯಾಚಿನ್‌ಗಳಲ್ಲಿ ಪರೀಕ್ಷೆ ಕೊಟ್ಟಿತು. 2021ರ ಫೆಬ್ರವರಿಯಲ್ಲಿ ಸೇನೆಯ ಮಾದರಿಗೆ ಆರಂಭದ ಅನುಮತಿ ದೊರೆಯಿತು. ಅದಕ್ಕೆಂದು ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಬಾಗಿಲು ತೆರೆಯಿತು. ಶಂಕುಸ್ಥಾಪನೆಗೂ ಪ್ರಾರಂಭೋತ್ಸವಕ್ಕೂ ನಡುವೆ ಏಳು ವರ್ಷ! ಈ ನಡುವೆ 2022ರ ಅಕ್ಟೋಬರಿನಲ್ಲಿ ತವಾಂಗಿನ ಬಳಿ ಒಂದು ಚೀತಾ ಬಿದ್ದು ಚಾಲಕರೊಬ್ಬರು ಮಡಿದರು. 2023ರ ಮಾರ್ಚಿಯಲ್ಲಿ ಅದೇ ಅರುಣಾಚಲದಲ್ಲಿ ಮತ್ತೊಂದು ಬಿದ್ದು ಇಬ್ಬರು ಮಡಿದರು. ಆಯಾ ಅಪಘಾತದ ಕಾರಣವನ್ನು ನಿರ್ಣಯಿಸುವುದು ತಜ್ಞರಿಗೆ ಸೇರಿದ್ದು. ವರ್ಷಗಳ ಲೆಕ್ಕವನ್ನು ಕೇಳುವುದಾದರೋ ಪ್ರಜೆಗಳಾದ ನಮಗೆ ಸೇರಿದ್ದು.

ಹೊಸ ಯಂತ್ರದ ಪರೀಕ್ಷೆಯನ್ನು ಮೊಟಕುಮಾಡಿರೆಂದು ನಾವು ಹೇಳುವುದಿಲ್ಲ. ಅರೆಬೆಂದ ಯಂತ್ರವು ಮುದಿ ಯಂತ್ರಕ್ಕಿಂತ ಕೇಡು. ಆದರೆ ಪರೀಕ್ಷೆಗೆ ತಗಲುವ ಕಾಲ ಬೇರೆ, ಕಡತಗಳು ಮೇಜಿನಿಂದ ಮೇಜಿಗೆ ಹೋಗುವ ಕಾಲ ಬೇರೆ. ಮೊದಲನೆಯದು ಪ್ರಾಣವನ್ನು ಕಾಯುತ್ತದೆ. ಎರಡನೆಯದು ಪ್ರಾಣವನ್ನು ಒತ್ತೆಯಿಡುತ್ತದೆ. ನಮ್ಮ ವಾಚಕರಲ್ಲಿ ಅಧಿಕಾರಿಗಳೂ ಅನೇಕರಿರುವರು. ಈ ಭೇದವನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು?

ಮನುಷ್ಯನಿಗೆ ಒಗ್ಗದ ಗಾಳಿಯಲ್ಲಿ ಮನುಷ್ಯನನ್ನು ದುಡಿಸುವುದೆಂದರೇನೆಂಬುದು ಕೋಲಾರ ಜಿಲ್ಲೆಯವರಿಗೆ ಹೊಸದಲ್ಲ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚುವವರೆಗೆ, 10,000 ಅಡಿಗೂ ಮಿಕ್ಕ ಆಳಕ್ಕೆ ನಮ್ಮ ಜನ ಇಳಿಯುತ್ತಿದ್ದರು. ಅವರ ಜೀವವು ಗಣಿಬಾವಿಯ ತೊಟ್ಟಿಲನ್ನು ಎಳೆಯುವ ಉಕ್ಕಿನ ಹಗ್ಗಕ್ಕೆ ತೂಗುಬಿದ್ದಿತ್ತು. ಆ ಹಗ್ಗ ಹರಿಯಲಿ, ಆಮೇಲೆ ನೋಡೋಣವೆಂದು ಕಾಯುವುದು ಗಣಿಯ ಕಟ್ಟಳೆಯಲ್ಲ. ಕಣ್ಣಿಗೆ ಗಟ್ಟಿಯಾಗಿ ಕಂಡರೂ, ಅವಧಿ ತೀರಿದ ಹಗ್ಗವನ್ನು ತೆಗೆದು ಹೊಸದನ್ನು ಹೂಡಬೇಕೆಂಬುದೇ ಕಟ್ಟಳೆ. ಕೆಳಗಿಳಿಯುವವನಿಗೆ ಸಲ್ಲುವ ಈ ನ್ಯಾಯ ಮೇಲೇರುವವನಿಗೂ ಸಲ್ಲಬೇಡವೆ? ಯಂತ್ರಕ್ಕೆ ಅವಧಿಯನ್ನು ಗೊತ್ತುಮಾಡಿ, ಆ ದಿನಕ್ಕೆ ಮೊದಲೇ ಬದಲಿಯನ್ನು ಸಿದ್ಧಗೊಳಿಸುವುದು ಸರ್ಕಾರದವರ ಧರ್ಮ; ಗುಬ್ಬಿಯ ಕಾರ್ಖಾನೆಯಿಂದ ವರ್ಷವರ್ಷಕ್ಕೆ ಎಷ್ಟು ಯಂತ್ರ ಹೊರಟು ಯಾವ ಠಾಣೆಯನ್ನು ಸೇರಿತೆಂದು ನಮ್ಮ ಪ್ರತಿನಿಧಿಗಳನ್ನು ಕೇಳುವುದು ನಮ್ಮ ಧರ್ಮ.

ಇದನ್ನೆಲ್ಲ ಕೇಳಿ ಹೋಳೂರಿನ ಆ ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, “ಬಾವಿಯ ಮಿಣಿಯನ್ನಾದರೂ ನಾವು ಜಿಬುರೇಳುವ ಮೊದಲೇ ಬದಲಾಯಿಸುತ್ತೇವೆ ಸ್ವಾಮಿ, ಬಿದ್ದರೆ ಹೋಗುವುದು ಬರಿಯ ಕೊಡ” ಎಂದರು. ಇದಕ್ಕಿಂತ ಹೆಚ್ಚಿಗೆ ನಾವು ಹೇಳತಕ್ಕದ್ದೇನೂ ಇಲ್ಲ.