‘ಮಾಸ್ಟರ್’ ಉದುರಿದ ಮೇಲೆ ಏನು ಕಥೆ?

ಟೈಟಲ್ ಕಾರ್ಡಿನಲ್ಲಿ ‘ಮಾಸ್ಟರ್ ಲೋಹಿತ್’ ಅಂತ ಬಿದ್ದರೆ ಸಾಕು, ಗಾಂಧಿ ಕ್ಲಾಸಿನಿಂದ ಶಿಳ್ಳೆ ಶುರು! ಆ ಕಾಲ ಕಂಡವರು ನಮ್ಮ ಓದುಗರ ಅಣ್ಣಂದಿರಲ್ಲಿ, ಅಪ್ಪಂದಿರಲ್ಲಿ ಬೇಕಾದಷ್ಟು ಜನ ಇದ್ದಾರೆ. 1976ರ ‘ಪ್ರೇಮದ ಕಾಣಿಕೆ’ಯಲ್ಲಿ ಕೈಗೂಸು. 1981ರ ‘ಭಾಗ್ಯವಂತ’ದಲ್ಲಿ ತನ್ನ ಹಾಡನ್ನು ತಾನೇ ಹಾಡಿದ ಪುಟಾಣಿ. 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ. ಬೆಟ್ಟದಲ್ಲಿ ಹೂ ಕಿತ್ತು ಮಾರಿ ‘ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಸು ಕೂಡಿಡುವ ಹುಡುಗ, ಕೊನೆಗೆ ಮನೆಯವರಿಗಾಗಿ ಕಂಬಳಿ ತರುತ್ತಾನಲ್ಲ, ಆ ಪಾತ್ರ. ಕಣ್ಣು ಒದ್ದೆಯಾಗದೆ ಹೊರಬಂದವರನ್ನು ನಾನಂತೂ ನೋಡಿಲ್ಲ.

ಆಮೇಲೆ? 1989ರ ‘ಪರಶುರಾಮ್’ ಆಯಿತು. ಅಲ್ಲಿಗೆ ಮಾಸ್ಟರ್ ಕಥೆ ಮುಗಿಯಿತು. ನಾಯಕನಾಗಿ ‘ಅಪ್ಪು’ ತೆರೆಗೆ ಬಂದದ್ದು 2002ರ ಏಪ್ರಿಲ್‌ನಲ್ಲಿ. ನಡುವೆ 13 ವರ್ಷ, ಲೆಕ್ಕ ಹಾಕಿ! ಅಣ್ಣಾವ್ರ ಮನೆಗೆ ಒಂದು ಸಿನಿಮಾ ಹೊರಡಿಸೋದು ಕಷ್ಟವೇ? ಗಂಟಲು ಒಡೆದು ಮೀಸೆ ಚಿಗುರುವ ಆ ಎಡಬಿಡಂಗಿ ವಯಸ್ಸಿನಲ್ಲಿ ಹುಡುಗನನ್ನು ಹೀರೋ ಮಾಡಿ ನಿಲ್ಲಿಸಲಿಲ್ಲ. ನನ್ನ ಪ್ರಕಾರ 2002ರ ಪುನೀತ್ ತಯಾರಾದದ್ದು ಯಾರೂ ಶಿಳ್ಳೆ ಹೊಡೆಯದ ಆ ವರ್ಷಗಳಲ್ಲೇ. 2021ರ ಅಕ್ಟೋಬರ್ 29ರಂದು ಊರಿಗೆ ಊರೇ ಯಾಕೆ ಅತ್ತಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಅಪ್ಪುವಿನ ಸೋದರಮಾವನ ಮಗ ವಿಜಯ ರಾಘವೇಂದ್ರನದೂ ಇದೇ ಕಥೆ. 1993ರಲ್ಲಿ ‘ಚಿನ್ನಾರಿ ಮುತ್ತ’. ‘ಕೊಟ್ರೇಶಿ ಕನಸು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ. ನಂತರ ಕೆಲವು ವರ್ಷ ಮರೆ. ‘ನಿನಗಾಗಿ’ ಮೂಲಕ ನಾಯಕನಾಗಿ ಬಂದದ್ದೂ, ನೋಡಿ, ಅದೇ 2002ರಲ್ಲೇ!

“ಅವರಿಗೇನ್ ಬಿಡಿ ಸಾರ್, ಮನೇಲೇ ಸಿನಿಮಾ ಇತ್ತು. ನಮ್ಮಂಥೋರ್ ಕಥೆ ಹೇಳಿ” ಅಂದ ಒಬ್ಬ. ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವನು. ಕೆ.ಆರ್. ಪುರದ ಕಡೆಯವನು, ಗ್ಯಾರೇಜಿನಲ್ಲಿ ಕೆಲಸ. ಹನ್ನೆರಡು ವರ್ಷದ ತಮ್ಮ ಇದ್ದಾನಂತೆ, ಡ್ಯಾನ್ಸಿಗೆ ನಿಂತರೆ ಬೀದಿಯೇ ನಿಲ್ಲುತ್ತದಂತೆ. ಫೋನಿನಲ್ಲಿ ತೋರಿಸಿದ. ಸುಳ್ಳಲ್ಲ ಕಣ್ರೀ, ಹುಡುಗನ ಕಾಲಲ್ಲಿ ತಾಳ ಇದೆ! ಯಾವುದೋ ಒಂದು ಆಫೀಸಿನವರು ‘ಫೋಟೋ ಆಲ್ಬಂ ಮಾಡಿಸಿ, ಟಿವಿಗೆ ಹಾಕಿಸ್ತೀವಿ’ ಅಂತ ಇಪ್ಪತ್ತು ಸಾವಿರ ಕೇಳಿದ್ದಾರೆ. ಚೀಟಿ ಎತ್ತಿ ಕೊಡೋಣ ಅಂತಿದ್ದಾನೆ. ಜೊತೆಗೆ ಒಂದು ವರ್ಷ ಸ್ಕೂಲು ಬಿಡಿಸುವ ಯೋಚನೆ ಬೇರೆ. ನನಗೆ ಎದೆ ಧಸಕ್ಕೆಂದಿತು.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಸಿನಿಮಾ ಬಿಟ್ಟು ಸ್ವಲ್ಪ ಹಲಸೂರಿನ ಕಡೆ ಬನ್ನಿ.

ನಮ್ಮ ಚಿತ್ರಗಳಲ್ಲಿ ಬಿಲಿಯರ್ಡ್ಸ್ ಟೇಬಲ್ ಅಂದರೇನು? ಖಳನಾಯಕನ ಅಡ್ಡಾ! ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಕೋಲು, ಪಕ್ಕದಲ್ಲಿ ಕ್ಯಾಬರೆ ಬೆಡಗಿ. ಆ ಟೇಬಲ್ಲಿನಿಂದಲೇ ಒಬ್ಬ ನಿಜವಾದ ಹೀರೋ ಎದ್ದು ಬಂದ. ಪಂಕಜ್ ಆಡ್ವಾಣಿ. 1985ರಲ್ಲಿ ಪುಣೆಯಲ್ಲಿ ಹುಟ್ಟಿ, ಕುವೈತಿನಲ್ಲಿ ಕೆಲಕಾಲ ಇದ್ದು, ಬೆಂಗಳೂರಿಗೆ ಬಂದ ಕುಟುಂಬ. ತಂದೆ ಬೇಗ ತೀರಿಕೊಂಡರು. ಓದಿದ್ದು ಹಲಸೂರಿನ ಕೇಂಬ್ರಿಡ್ಜ್ ರಸ್ತೆಯ ಫ್ರಾಂಕ್ ಆಂಥೋನಿ ಶಾಲೆಯಲ್ಲಿ. ಹತ್ತು ವರ್ಷದವನಿದ್ದಾಗ ಅಣ್ಣ ಶ್ರೀ ಆಡುವುದನ್ನು ನೋಡುತ್ತಾ ಆಟದ ಹುಚ್ಚು ಹಿಡಿಯಿತು. ಅಣ್ಣನನ್ನು ನೋಡುತ್ತಾ! ಈ ಮಾತಿಗೆ ಗೆರೆ ಎಳೆದುಕೊಳ್ಳಿ.

ಟೇಬಲ್ಲು 12 ಅಡಿ ಉದ್ದ, 6 ಅಡಿ ಅಗಲ, ಎತ್ತರ ಹೆಚ್ಚುಕಡಿಮೆ 3 ಅಡಿ. ಹತ್ತರ ಹುಡುಗನಿಗೆ ಅದು ಎದೆಮಟ್ಟ. ದೂರದ ಚೆಂಡು ಕೈಗೆ ಎಟುಕುವುದಿಲ್ಲ. ಪಿಸುಮಾತೂ ಆಡದ ಹಾಲ್. ಅಲ್ಲಿ ಅದೇ ಚೆಂಡು, ಅದೇ ಮೂಲೆ, ಮತ್ತೆ ಮತ್ತೆ. ಕಲಿಸಿದವರು ಅರವಿಂದ ಸವೂರ್, ತಾವೇ ಹೆಸರಾಂತ ಆಟಗಾರರು. ಕಂಟೋನ್ಮೆಂಟಿಗೆ ಹತ್ತಿರದ ವಸಂತನಗರದಲ್ಲಿ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್ಲುಗಳೂ ಇದ್ದವು. ಹುಡುಗ ಶಾಲೆ ಬಿಡಲಿಲ್ಲ, ಮುಂದೆ ಬಿ.ಕಾಂ. ಕೂಡ ಮುಗಿಸಿದ. 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ. ಆಗ ವಯಸ್ಸು ಹದಿನೆಂಟು. 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 2018ರಲ್ಲಿ ಪದ್ಮಭೂಷಣ, 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳು. ಎಣಿಸಿ ಎಣಿಸಿ ಪತ್ರಕರ್ತರಿಗೇ ಸುಸ್ತು! ಅಣ್ಣ ಏನಾದ? ಕ್ರೀಡಾ ಮನಶ್ಶಾಸ್ತ್ರ ಕಲಿತು, ಆಟಗಾರರ ತಲೆಯೊಳಗಿನ ಗಲಾಟೆ ತಣಿಸುವ ವಿದ್ಯೆ ಹಿಡಿದ.

‘ಇದೆಲ್ಲ ದುಡ್ಡಿದ್ದೋರ ಆಟ’ ಅಂತ ನೀವು ಗೊಣಗೋದು ನನಗೆ ಕೇಳಿಸ್ತಿದೆ. ಒಪ್ಪಿದೆ, ಸ್ವಾಮಿ. ಹಾಗಾದರೆ ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋಗೋಣ. ಇಕ್ಕಟ್ಟಿನ ಬೀದಿಗಳು, ಬೆಂಕಿಪೊಟ್ಟಣದಂಥ ಮನೆಗಳು. ನಡುವೆ ನಿಂತಿರೋದು ಯಾರ ಪ್ರತಿಮೆ ಗೊತ್ತೇ? ಫುಟ್‌ಬಾಲ್ ಮಾಂತ್ರಿಕ ಪೆಲೆಯದು! ಸಿನಿಮಾ ಹೀರೋಗಳಿಗೆ ಕಟೌಟ್ ಕಟ್ಟುವ ಊರಿನಲ್ಲಿ ಬ್ರೆಜಿಲ್ಲಿನ ಆಟಗಾರನಿಗೆ ಪ್ರತಿಮೆ. ಈ ಕೇರಿಯಿಂದ ಎದ್ದ ಆಟಗಾರರಿಗೆ ಲೆಕ್ಕವಿಲ್ಲ. ಅಲ್ಲಿ ಆಡಿ ಮುಗಿಸಿದ ಅಣ್ಣಂದಿರೇ ಚಿಕ್ಕವರಿಗೆ ಚೆಂಡು ಒದೆಯೋದು ಹೇಳಿಕೊಡ್ತಾರೆ. ಆಲ್ಬಂ ಇಲ್ಲ, ಇಪ್ಪತ್ತು ಸಾವಿರವೂ ಇಲ್ಲ.

ಇದಕ್ಕೆ ತದ್ವಿರುದ್ಧದ ಕಥೆಯೂ ನಮ್ಮ ಬೆಂಗಳೂರಿನದೇ. ವಿದ್ಯಾ ಬಾಲನ್ ನಟಿಸಿದ 2020ರ ‘ಶಕುಂತಲಾ ದೇವಿ’ ನೋಡಿದ್ದೀರಾ? 1929ರಲ್ಲಿ ಇಲ್ಲಿ ಹುಟ್ಟಿದ ಹೆಣ್ಣುಮಗಳು. ಅಪ್ಪ ಸರ್ಕಸ್ಸಿನವರು. ಇಸ್ಪೀಟಿನ ಆಟ ಆಡುವಾಗ ಪುಟ್ಟ ಮಗಳ ನೆನಪಿನ ಶಕ್ತಿ ಕಂಡರು, ಸರ್ಕಸ್ ಬಿಟ್ಟು ಅವಳನ್ನೇ ಊರೂರಿಗೆ ಪ್ರದರ್ಶನಕ್ಕೆ ನಿಲ್ಲಿಸಿದರು. ಸರಿಯಾದ ಶಾಲೆ ಕಾಣಲೇ ಇಲ್ಲ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಜಗತ್ತಿನ ಬಾಯಿ ಮುಚ್ಚಿಸಿದರು, ನಿಜ. ಆದರೆ ಆರರ ವಯಸ್ಸಿಗೇ ಮನೆಯ ಸಂಪಾದನೆ ಆ ಮಗುವಿನ ತಲೆ ಮೇಲೆ! ಅವರು ಗೆದ್ದರು. ಹಾಗೆ ವೇದಿಕೆ ಹತ್ತಿಸಿದ ಎಷ್ಟು ಮಕ್ಕಳ ಹೆಸರು ಇವತ್ತು ನಮಗೆ ನೆನಪಿದೆ, ಹೇಳಿ?

ಕೆ.ಆರ್. ಪುರದ ಗೆಳೆಯ ‘ಹಾಗಾದ್ರೆ ಎಲ್ಲಿಗೆ ಕರ್ಕೊಂಡ್ ಹೋಗ್ಲಿ?’ ಅಂದಿದ್ದ. ಶಿವಾಜಿನಗರದಿಂದ ಕಬ್ಬನ್ ಪಾರ್ಕ್ ಎಷ್ಟು ದೂರ? ಅಲ್ಲಿ ಜವಾಹರ್ ಬಾಲಭವನ ಇದೆ. ಮಕ್ಕಳ ರೈಲು ಒಂದೇ ಅಲ್ಲ ಅಲ್ಲಿರೋದು. ನೃತ್ಯ, ಸಂಗೀತ, ಚಿತ್ರಕಲೆ ಹೇಳಿಕೊಡ್ತಾರೆ. ರಜದ ದಿನ ತಮ್ಮನ ಕೈ ಹಿಡಿದು ಹೋಗಿ ವಿಚಾರಿಸಿ. ಸ್ಕೂಲು ನಡೆಯಲಿ, ಚೀಟಿ ದುಡ್ಡು ಚೀಟಿಯಲ್ಲೇ ಇರಲಿ. ಇನ್ನೊಂದು ಗುಟ್ಟು: ಫೋನು ಜೇಬಿನಲ್ಲಿಟ್ಟು, ಮರೆಯಲ್ಲಿ ನಿಂತು ನೋಡಿ. ಯಾರೂ ನೋಡದಿದ್ದಾಗಲೂ ಕುಣಿಯುತ್ತಾನಾ?

ಅಂದ ಹಾಗೆ, ‘ಚಿನ್ನಾರಿ ಮುತ್ತ’ ಎಲ್ಲಾದರೂ ಸಿಕ್ಕರೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅವನು ಓಡುವ ಮುತ್ತನನ್ನು ನೋಡಲಿ. ನೀವು ಓಡಿಸುವ ಕೋಚನ್ನು ನೋಡಿ.