ಗೃಹಸ್ಥನ ಬೌದ್ಧಧರ್ಮ

ಬೌದ್ಧಧರ್ಮವೆಂದೊಡನೆ ಕಾಷಾಯವಸ್ತ್ರವನ್ನೂ ಭಿಕ್ಷಾಪಾತ್ರೆಯನ್ನೂ ನೆನೆಯುವುದು ನಮಗೆ ವಾಡಿಕೆಯಾಗಿದ್ದರೂ, ಆ ಧರ್ಮದ ಅನುಯಾಯಿಗಳಲ್ಲಿ ಬಹುಮಂದಿ ಮನೆವಾರ್ತೆಯನ್ನು ನಡೆಸುತ್ತ, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಚಿಂತಿಸುತ್ತ ಬಾಳುವ ಸಂಸಾರಿಗಳೇ ಆಗಿರುವರು. ಪ್ರಾಣಿಹಿಂಸೆ, ಕಳವು, ವ್ಯಭಿಚಾರ, ಸುಳ್ಳು, ಮದ್ಯಪಾನ ಇವೈದನ್ನು ತೊರೆಯುವ ಪಂಚಶೀಲವು ದೇವರ ಆಜ್ಞೆಯಲ್ಲ. ಉಪಾಸಕನು, ಎಂದರೆ ಗೃಹಸ್ಥ ಅನುಯಾಯಿಯು, ತಾನಾಗಿ ಕೈಕೊಳ್ಳುವ ವ್ರತ. ತಪ್ಪಿ ನಡೆದವನು ಅದನ್ನು ಮರಳಿ ಸ್ವೀಕರಿಸಬಹುದು.

ಪಾಲಿ ಧರ್ಮಗ್ರಂಥವಾದ ದೀಘನಿಕಾಯದ ಸಿಗಾಲೋವಾದ ಸೂತ್ರದಲ್ಲಿ ಬುದ್ಧನು ಗೃಹಪತಿಯ ಮಗನೊಬ್ಬನಿಗೆ ಬೋಧಿಸಿದ ನೀತಿಯು ಇಂದಿನ ಸಂಬಳದಾರನಿಗೂ ಒಪ್ಪುವಂಥದು. ಗಳಿಕೆಯನ್ನು 4 ಪಾಲು ಮಾಡಿ, ಒಂದನ್ನು ಅನುಭವಿಸಿ, ಎರಡನ್ನು ಕಸುಬಿಗೆ ತೊಡಗಿಸಿ, ಉಳಿದೊಂದನ್ನು ಆಪತ್ಕಾಲಕ್ಕೆ ಕಾದಿರಿಸಬೇಕು. ಯಜಮಾನನಾದವನು ಆಳಿನ ಶಕ್ತಿಯನ್ನರಿತು ಕೆಲಸವನ್ನು ಹಂಚಬೇಕು. ಕಾಯಿಲೆಯಲ್ಲಿ ಆರೈಕೆ ಮಾಡಬೇಕು. ಸಕಾಲದಲ್ಲಿ ಬಿಡುವು ಕೊಡಬೇಕು. ಬೇರೊಂದು ಸೂತ್ರದಂತೆ, ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷಗಳ ವ್ಯಾಪಾರವು ಉಪಾಸಕನಿಗೆ ನಿಷಿದ್ಧ.

ಶ್ರೀಲಂಕೆಯಲ್ಲಿ ಪ್ರತಿ ಹುಣ್ಣಿಮೆಯೂ ಸಾರ್ವಜನಿಕ ರಜಾದಿನವಾಗಿದ್ದು, ಅಂದು ಮದ್ಯದಂಗಡಿಗಳು ಮುಚ್ಚಿರುತ್ತವೆ. ಶ್ರದ್ಧಾವಂತರು ಬಿಳಿಯ ಉಡುಪನ್ನುಟ್ಟು ವಿಹಾರಕ್ಕೆ ತೆರಳಿ, ಎಂಟು ನಿಯಮಗಳ ಅಷ್ಟಶೀಲವನ್ನು ಸ್ವೀಕರಿಸಿ, ಮಧ್ಯಾಹ್ನವಾದ ಮೇಲೆ ಆಹಾರವನ್ನು ಮುಟ್ಟದೆ, ಧರ್ಮಶ್ರವಣ ಧ್ಯಾನಗಳಲ್ಲಿ ಕಾಲ ಕಳೆಯುವರು. ಮರುದಿನ ಎಂದಿನಂತೆ ಕಚೇರಿಗೋ ಗದ್ದೆಗೋ ಹೊರಡುವರು. ನಮ್ಮ ಬೆಂಗಳೂರಿನ ಗಾಂಧಿನಗರದಲ್ಲಿಯೂ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿಯ ವಿಹಾರವಿದೆ.

ಆದರೆ ವಿಹಾರವು ದೂರವಿದ್ದ ಮಾತ್ರಕ್ಕೆ ಸಾಧನೆ ನಿಲ್ಲಬೇಕಾಗಿಲ್ಲ. ಮೇಲಧಿಕಾರಿಯ ಬಿರುನುಡಿಗೆ ಎದುರುತ್ತರ ನಾಲಗೆಯ ತುದಿಗೆ ಬಂದಾಗ, ಒಳಗೆ ಹೊತ್ತಿದ ಸಿಟ್ಟನ್ನು ಅರೆಗಳಿಗೆ ಗಮನಿಸಿ, ಆಡತಕ್ಕದ್ದನ್ನಷ್ಟೇ ಆಡುವುದೂ ಧರ್ಮಾಚರಣೆಯೇ. ಗೃಹಸ್ಥನಿಗೆ ಇಂತಹ ಅವಕಾಶಗಳು ಸನ್ಯಾಸಿಗಿಂತ ಹೆಚ್ಚಾಗಿಯೇ ಒದಗುತ್ತವೆ.