ಕಾವೇರಿಯ ತವರಿಗೆ ಹೋಗುವಾಗ

ದೇಶಸಂಚಾರದಿಂದ ಮನುಷ್ಯನ ಬುದ್ಧಿ ವಿಕಾಸಹೊಂದುವುದೆಂದು ಹಿರಿಯರು ಹೇಳುವರು. ಆ ಮಾತಿನಲ್ಲಿ ಸಂದೇಹವಿಲ್ಲ. ಆದರೆ ಸಂಚಾರಿಯ ಬುದ್ಧಿ ವಿಕಾಸಹೊಂದುವಾಗ, ಆತನು ಸಂಚರಿಸಿದ ನಾಡಿನ ಗತಿ ಏನಾಯಿತೆಂದು ವಿಚಾರಿಸುವವರು ವಿರಳ. ನನಗೆ ಈ ವಿಚಾರವು ಹೊಳೆದುದು ಕೊಡಗಿನ ಒಂದು ಬಾವಿಯ ಕಟ್ಟೆಯ ಬಳಿಯಲ್ಲಿ. ಅದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಾನು ಜಯನಗರದ ನಿವಾಸಿ. 2024ನೆಯ ಇಸವಿಯ ಬೇಸಗೆಯು ಬೆಂಗಳೂರಿನವರು ಮರೆಯತಕ್ಕದ್ದಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದಿತು, ಕೊಳವೆಬಾವಿಗಳು ಬತ್ತಿದುವು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೂ ತೋಟಕ್ಕೆ ಹಾಯಿಸಿದವರಿಗೂ 5,000 ರೂಪಾಯಿ ದಂಡವೆಂದು ಮಾರ್ಚ್ ತಿಂಗಳಲ್ಲಿ ಜಲಮಂಡಲಿಯು ಆಜ್ಞೆ ಹೊರಡಿಸಿತು. ನಮ್ಮ ಮನೆಯಲ್ಲಿಯೂ ಚೆಂಬಿನ ಲೆಕ್ಕದಲ್ಲಿ ಸ್ನಾನ ನಡೆಯುತ್ತಿದ್ದಿತು. ಅಷ್ಟರಲ್ಲಿ ಮಕ್ಕಳಿಗೆ ರಜೆ ಬಂದಿತು. "ಎಲ್ಲಾದರೂ ತಂಪಾದ ಕಡೆಗೆ ಹೋಗೋಣ, ತಾತ" ಎಂದು ಮೊಮ್ಮಕ್ಕಳು ಹಟ ಹಿಡಿದರು. ಒಂಬತ್ತು ಮಂದಿ ಎರಡು ಕಾರುಗಳಲ್ಲಿ ಕೊಡಗಿಗೆ ಹೊರಟೆವು.

ನಾವು ಇಳಿದುಕೊಂಡುದು ಕಾಫಿತೋಟದ ನಡುವಣ ಒಂದು ಹೆಂಚಿನ ಮನೆಯಲ್ಲಿ. ಈಗ ಹೋಂಸ್ಟೇ ಎಂದು ಕರೆಯುವರಷ್ಟೆ, ಅಂತಹುದು. ಮನೆಯ ಯಜಮಾನಿತಿ ನನಗಿಂತ ಹತ್ತು ವರ್ಷ ಹಿರಿಯರು. ಬಲು ಆದರದಿಂದ ಕಂಡರು. ನೀರು ಕೊಳಾಯಿಯಲ್ಲಿ ಧಾರಾಳವಾಗಿ ಬರುತ್ತಿದ್ದಿತು. ಊರಿನಲ್ಲಿ ಚೆಂಬು ಎಣಿಸಿದವರು ಅಲ್ಲಿ ಎರಡು ಹೊತ್ತೂ ಬಿಸಿನೀರಿನಲ್ಲಿ ಮಿಂದೆವು. ಹುಡುಗರು ರಬ್ಬರಿನ ನಳಿಗೆ ಹಿಡಿದು ಎರಡೂ ಕಾರುಗಳನ್ನು ತೊಳೆದರು. ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ ನಾನು ಜಗಲಿಯಲ್ಲಿ ಕುಳಿತು ನೋಡುತ್ತಿದ್ದೆನೇ ಹೊರತು ತಡೆಯಲಿಲ್ಲ.

ಮೂರನೆಯ ದಿನ ನಸುಕಿನಲ್ಲಿ ಹಿತ್ತಲಿಗೆ ಹೋದೆನು. ಆ ಹಿರಿಯ ಹೆಂಗಸು ಬಾವಿಯಿಂದ ಹಗ್ಗದಲ್ಲಿ ನೀರು ಸೇದುತ್ತಿದ್ದರು. ಮೇಲೆ ಬಂದ ಕೊಡದಲ್ಲಿ ಅರ್ಧ ನೀರು, ಅದೂ ಕೆಂಪು ಕೆಸರು. ಪಂಪು ಬರಿಯ ಗಾಳಿ ಎಳೆಯುತ್ತಿದೆಯೆಂದು ಹೇಳಿದರು.

"ಅಮ್ಮ, ನಿನ್ನೆಯೇ ಒಂದು ಮಾತು ಹೇಳಬಾರದಾಗಿತ್ತೆ?" ಎಂದೆನು.

"ಮನೆಗೆ ಬಂದವರಿಗೆ ನೀರು ಮುಟ್ಟಬೇಡಿ ಎಂದು ಹೇಳುವುದು ಹೇಗೆ, ಮೇಷ್ಟ್ರೇ? ಈ ವರ್ಷ ಹೂಮಳೆ ಸರಿಯಾಗಿ ಆಗಲಿಲ್ಲ. ಕೆರೆಯಲ್ಲಿದ್ದ ನೀರು ಕಾಫಿ ಗಿಡಕ್ಕೆ ಹೋಯಿತು. ಉಳಿದದ್ದು ಈ ಬಾವಿ." ಸ್ವಲ್ಪ ತಡೆದು, "ಬೆಂಗಳೂರಿನಲ್ಲಿ ನಿಮಗೆ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದರು.

"ಕಾವೇರಿಯಿಂದ" ಎಂದೆನು. ಆಕೆ ನಕ್ಕು ಸುಮ್ಮನಾದರು. ನನಗೆ ತಲೆಯೆತ್ತಲು ಆಗಲಿಲ್ಲ.

ಆಲೋಚಿಸಿ ನೋಡಿರಿ. ತಲಕಾವೇರಿಯಲ್ಲಿ ಹುಟ್ಟಿ, ಭಾಗಮಂಡಲದಲ್ಲಿ ಕನ್ನಿಕೆ ಸುಜ್ಯೋತಿಗಳನ್ನು ಕೂಡಿಕೊಂಡು ಇಳಿದು ಬರುವ ನದಿಯ ನೀರನ್ನೇ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮಾರ್ಗವಾಗಿ ಸುಮಾರು 100 ಕಿಲೋಮೀಟರ್ ದೂರ ಎತ್ತಿ ತಂದು ನಮ್ಮ ನಗರಕ್ಕೆ ಉಣಿಸಲಾಗುತ್ತಿದೆ. 1974ರಲ್ಲಿ ಆರಂಭವಾದ ಈ ಯೋಜನೆಯ ಐದನೆಯ ಹಂತವು ದಿನಕ್ಕೆ 77.5 ಕೋಟಿ ಲೀಟರಿನದು. ಅದು ಉದ್ಘಾಟನೆಯಾದುದು 2024ರ ಅಕ್ಟೋಬರ್ 16ರಂದು, ಅಂದರೆ ತುಲಾಸಂಕ್ರಮಣದ ಹಿಂದಿನ ದಿನ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಗೃಹಸ್ಥರು ಬೆಳಗಾಗೆದ್ದು ಮುಖ ತೊಳೆಯುವುದು ಕೊಡಗಿನ ಋಣದಿಂದ. ಹಾಗಿರುವಾಗ ಆ ನಾಡು ನಮಗೆ ಬರಿಯ ನೋಟದ ಸ್ಥಳವಲ್ಲ; ನಮ್ಮ ನೀರಿನ ತವರು. ತವರಿಗೆ ಹೋದ ಮಗಳು ಬಾವಿಯನ್ನು ಬತ್ತಿಸಿ ಬರುವಳೆ?

'ಅತಿಥಿ' ಎಂಬ ಶಬ್ದಕ್ಕೆ ತಿಥಿಯ ನಿಯಮವಿಲ್ಲದೆ ಬರುವವನೆಂದು ಪಂಡಿತರು ಅರ್ಥ ಹೇಳುವರು. ಇಂದಿನ ಅತಿಥಿಗೆ ತಿಥಿಯು ಗೊತ್ತಾಗಿಯೇ ಇದೆ: ಶುಕ್ರವಾರ ರಾತ್ರಿ! ಎಲ್ಲರೂ ಒಂದೇ ತಿಥಿಯಲ್ಲಿ ಬಂದರೆ ಯಾವ ಗೃಹಸ್ಥನು ತಾನೆ ತಾಳುವನು? 2011ರ ಗಣತಿಯಂತೆ ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆ 5,54,519 ಮಾತ್ರ. ಅಲ್ಲಿಯ ಬಾವಿ, ರಸ್ತೆ, ಕಸದ ಗುಂಡಿಗಳು ಆ ಪ್ರಮಾಣದವು. ಆದುದರಿಂದ ವಿಶ್ರಾಂತರಾದ ನಮ್ಮಂಥವರು ವಾರದ ನಡುವೆ ಹೋಗುವುದು ಉಚಿತ. ಕೊಡಗಿನಲ್ಲಿ ರೈಲುಮಾರ್ಗವಿಲ್ಲ, ಆದರೂ ಮೈಸೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಮಡಿಕೇರಿಗೆ ಸಾರಿಗೆ ಬಸ್ಸಿನಲ್ಲಿ ಸುಖವಾಗಿ ಹೋಗಬಹುದು.

ಇಳಿದ ಮನೆಯಲ್ಲಿ ಮೊದಲು ಕೇಳತಕ್ಕ ಪ್ರಶ್ನೆಯೆಂದರೆ, "ನಿಮ್ಮ ಬಾವಿಯಲ್ಲಿ ನೀರೆಷ್ಟಿದೆ?" ಎಂಬುದು. ಅವರು ಸಂಕೋಚದಿಂದ ಹೇಳಲಾರರು, ನಾವೇ ಕೇಳಬೇಕು. ಅಂಗಡಿಯ ಪೊಟ್ಟಣಗಳ ಬದಲು ಅಲ್ಲಿಯ ಜೇನು, ಕರಿಮೆಣಸು, ಕಾಫಿಪುಡಿಗಳನ್ನು ಬೆಳೆದವರಿಂದಲೇ ಕೊಂಡರೆ ಹಣವು ಆ ನಾಡಿನಲ್ಲಿ ನಿಲ್ಲುವುದು. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಮ್ಮ ಸರ್ಕಾರವು 2016ರಲ್ಲಿಯೇ ನಿಷೇಧಿಸಿತು. ಆದರೂ ತೊರೆಗಳ ದಡದಲ್ಲಿ ಅವು ಕಣ್ಣಿಗೆ ಬೀಳುವುವು. ಕೊಂಡುಹೋದ ಕಸವನ್ನು ಮರಳಿ ತರುವುದು ಲಜ್ಜೆಯ ಕೆಲಸವಲ್ಲ. ತೊರೆಯಲ್ಲಿ ಬಿಟ್ಟದ್ದು ಹೇಗೂ ನಮ್ಮ ನದಿಯನ್ನೇ ಸೇರುವುದು. ಹೂಮಳೆಯಾದ ಮೇಲೆ ತೋಟವೆಲ್ಲ ಬೆಳ್ಳಗೆ ಅರಳಿರುವಾಗ ಚಿತ್ರ ತೆಗೆಸಿಕೊಳ್ಳಲು ಕೊಂಬೆ ಮುರಿಯುವವರುಂಟು. ಒಂದೊಂದು ಹೂವೂ ಬೆಳೆಗಾರನಿಗೆ ಒಂದೊಂದು ಹಣ್ಣಿನ ಆಸೆಯೆಂಬುದನ್ನು ಅವರಿಗೆ ತಿಳಿಸಬೇಕು.

ಈ ಸಂಯಮವು ಕೊಡಗಿಗೆ ಹೊಸದಲ್ಲ. ಅಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಮರ ಕಡಿಯಬಾರದೆಂಬುದು ಪೂರ್ವಿಕರ ಕಟ್ಟಳೆ. ಬೆಟ್ಟವು ಎಷ್ಟು ಭಾರ ಹೊರಬಲ್ಲುದೆಂಬ ಅರಿವು ಅವರಿಗಿದ್ದಿತು. ನಮ್ಮ ಕಾಲದಲ್ಲಿ 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದು ಅನೇಕರು ಪ್ರಾಣ ಕಳೆದುಕೊಂಡರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿಯ ಪಾರ್ಶ್ವವೇ ಜಾರಿ ಅರ್ಚಕರ ಮನೆಯವರನ್ನು ಸೆಳೆದುಕೊಂಡಿತು. ಅತಿವೃಷ್ಟಿಯೇ ಅದಕ್ಕೆ ಮೊದಲ ಕಾರಣವಾದರೂ, ಅಂತಹ ಇಳಿಜಾರನ್ನು ಅಗೆದು ಕಟ್ಟಡ ಕಟ್ಟುವುದು ಗಂಡಾಂತರಕ್ಕೆ ದಾರಿ. ಆದಕಾರಣ ಹೊಸದಾಗಿ ಗುಡ್ಡ ಕಡಿದು ಕಟ್ಟಿದ ಭವನಕ್ಕಿಂತ ಹಳೆಯ ಮನೆಯಲ್ಲಿ ಒಂದು ಕೋಣೆ ಕೇಳುವುದು ಲೇಸು. ಮಳೆಗಾಲದಲ್ಲಿ ಅಧಿಕಾರಿಗಳು ಬರಬೇಡಿರೆಂದಾಗ ಹೋಗದಿರುವುದೂ ಒಂದು ಸೇವೆಯೇ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಕಾರ್ತಿಕಮಾಸದ ಒಂದು ಬುಧವಾರ ನಾನೂ ನನ್ನ ಮನೆಯವರೂ ಬಸ್ಸಿನಲ್ಲಿ ಅದೇ ಮನೆಗೆ ಹೋದೆವು. ಕೈ ನೀಡಿದರೆ ಸಿಕ್ಕುವಷ್ಟು ಮೇಲಕ್ಕೆ ಬಾವಿಯಲ್ಲಿ ನೀರು ನಿಂತಿದ್ದಿತು.

"ಬನ್ನಿ ಮೇಷ್ಟ್ರೇ, ಈ ಸಲ ಬೇಕಾದಷ್ಟು ಮೀಯಿರಿ" ಎಂದು ಯಜಮಾನಿತಿ ನಗುತ್ತ ಹೇಳಿದರು.

ನಾವು ಒಂದೊಂದೇ ಬಕೆಟ್ಟು ನೀರಿನಲ್ಲಿ ಮಿಂದೆವು. ಮುಂದಿನ ಚೈತ್ರವನ್ನೂ ಅದೇ ಬಾವಿಯು ಕಾಯಬೇಕಲ್ಲವೆ?